ಪಂಚೆಯ ಮರೆಯಲ್ಲಿ ಕಂಡ ಬೆಂಗಳೂರು

ಮೊನ್ನೆ ಸಂಜೆ ನಮ್ಮ ಕಾಂಪ್ಲೆಕ್ಸಿನ ಮೆಟ್ಟಿಲ ಸಂದಿಗೆ ಯಾರೋ ಕರೀ ಫಿನಾಯಿಲ್ ಸುರಿದರು. ಮಂಡ್ಯದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಅಂಗಡಿಯ ಬಾಗಿಲಿಗೂ ಆ ಮೆಟ್ಟಿಲ ಸಂದಿಗೂ ಮಧ್ಯೆ ಒಂದೇ ಗೋಡೆ. ಆ ಸಂದಿ ನಮ್ಮ ಊರಿನ ಗಂಡಸರಿಗೆ ಯಾರೋ ಬರೆದುಕೊಟ್ಟ ಆಸ್ತಿ. ಬಂದವನು ಬಂದ ಹಾಗೆ ತಿರುಗಿ ನಿಲ್ಲುತ್ತಾನೆ, ಮುಗಿಸುತ್ತಾನೆ, ಕೈ ಕೂಡ ತೊಳೆಯದೆ ಪಕ್ಕದ ಬೇಕರಿಯಲ್ಲಿ ಬನ್ನು ಮುರಿದು ತಿನ್ನುತ್ತಾನೆ. ಇಲ್ಲಿ ಮೂತ್ರ ಮಾಡಬಾರದು ಎಂದು ಬರೆಸಿದ್ದ ಅಕ್ಷರಗಳೇ ಅವರ ಉಚ್ಚೆಗೆ ತೊಳೆದು ಹೋಗಿವೆ. ಥೂ!

ಫಿನಾಯಿಲ್ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ನನ್ನ ಮಗಳು ಮೆಷಿನ್ನಿನ ಪಕ್ಕ ಸ್ಟೂಲ್ ಹಾಕಿಕೊಂಡು ತನ್ನ ಬೆಂಗಳೂರು ಪ್ಲಾನು ಓದಿ ಹೇಳುತ್ತಿದ್ದಳು. ಒಂಬತ್ತನೇ ಕ್ಲಾಸು ಮುಗಿದಿದೆ, ರಜಾ. ಬೆಳಕವಾಡಿಯಿಂದ ಅವಳ ಅಜ್ಜಿ ತಾತ, ಅಂದರೆ ನನ್ನ ಅತ್ತೆ ಮಾವ, ಬಂದಿದ್ದಾರೆ. ಮೂವರೂ ಸೇರಿ ಬೆಂಗಳೂರು ನೋಡಿ ಬರುವುದು ಅಂತ ತೀರ್ಮಾನ. ಮದುವೆ ಸೀಸನ್ನಿನ ಬ್ಲೌಸುಗಳು ನನ್ನ ತಲೆ ಮೇಲೆ ಕೂತಿರುವುದರಿಂದ ನಾನು ಹೋಗುವ ಹಾಗಿಲ್ಲ. ಮಗಳು ಫೋನಿನಲ್ಲಿ ಎಲ್ಲ ಜೋಡಿಸಿಕೊಂಡಿದ್ದಳು. ರೈಲು, ಮೆಟ್ರೋ, ಮ್ಯೂಸಿಯಂ, ಆಮೇಲೆ ಪಾರ್ಕು, ಆಮೇಲೆ ತಾನಾಗಿ ಮೇಲಕ್ಕೆ ಹೋಗುವ ಮೆಟ್ಟಿಲಿರುವ ಮಾಲು. ಎಲ್ಲಿ ದೋಸೆ, ಎಲ್ಲಿ ಐಸ್‌ಕ್ರೀಮು, ತಾತನನ್ನು ಎಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಎಲ್ಲವೂ ಇತ್ತು.

ಅಜ್ಜಿಗೆ ಟಾಯ್ಲೆಟ್ ಎಲ್ಲಿ ಅಂತ ಕೇಳಿದೆ. ಅದೆಲ್ಲ ಎಲ್ಲಾ ಕಡೆ ಇರುತ್ತೆ ಮಮ್ಮಿ ಎಂದು ಮುಂದಿನದಕ್ಕೆ ಬೆರಳು ಸರಿಸಿದಳು.

ಎಲ್ಲಾ ಕಡೆ ಇರುತ್ತದಂತೆ! ನನಗೆ ಕತ್ತರಿ ಕೆಳಗಿಡಬೇಕಾಯಿತು. ಆ ಮಾತು, ಆ ವಾಸನೆ, ಎರಡೂ ಒಟ್ಟಿಗೆ ಬಂದಾಗ ಅಂಗಡಿ ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಬಕೆಟ್ಟು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತ ಹಾಗಾಯಿತು...

ಅವಳು ನಮಗೆ ಸಂಬಂಧ ಏನಲ್ಲ. ನಾನು ಹುಟ್ಟಿ ಬೆಳೆದದ್ದು ಮದ್ದೂರಿನಲ್ಲಿ. ಬಸ್ಸುಗಳು ನಿಲ್ಲುವ ಕಡೆ ಅವಳದ್ದೊಂದು ಹೆಂಚಿನ ಅಂಗಡಿ, ಅದರ ಹಿಂದೆ ನಮ್ಮ ಮನೆ. ಗೋಲಿ ಸೋಡಾ, ಬಾಳೆಹಣ್ಣು, ಎಲೆ ಅಡಿಕೆ, ಬೀಡಿ ಮಾರುತ್ತಿದ್ದಳು. ಗಂಡ ಯಾವಾಗಲೋ ತೀರಿಕೊಂಡಿದ್ದ. ಬೀದಿಯ ಮಕ್ಕಳಿಗೆಲ್ಲ ಅವಳು ಅಂಗಡಿ ದೊಡ್ಡವ್ವ. ಕಪ್ಪಗೆ, ಎತ್ತರಕ್ಕೆ ಇದ್ದಳು. ಅಂಗಡಿಯ ಒಳಗೆ ನಿಂತರೆ ತಲೆ ಜಂತೆಗೆ ತಾಗುತ್ತಿತ್ತು. ಬಾಯಿ ಮಾತ್ರ ಇಡೀ ಬಸ್ ಸ್ಟ್ಯಾಂಡಿಗೆ ಸಾಕಾಗುವಷ್ಟಿತ್ತು.

ಆ ಅಂಗಡಿಯ ಎಡಗೋಡೆಯೇ ಅವಳ ಜೀವಮಾನದ ಜಗಳ. ಬಸ್ ಇಳಿದ ಗಂಡಸು ಮೊದಲು ಹುಡುಕುತ್ತಿದ್ದದ್ದು ಆ ಗೋಡೆಯನ್ನು. ಅವಳು ಬೆಳಿಗ್ಗೆ ಎದ್ದು ಮಾಡುತ್ತಿದ್ದ ಮೊದಲ ಕೆಲಸ ಬಾಗಿಲಿಗೆ ನೀರು ಹಾಕುವುದಲ್ಲ, ಆ ಗೋಡೆಗೆ ಫಿನಾಯಿಲ್ ಹಾಕುವುದು. ದೇವರ ಪಟ ತಂದು ನೇತು ಹಾಕಿದಳು. ಬಂದವರು ಕೆನ್ನೆ ಕೆನ್ನೆ ಬಡಿದುಕೊಂಡು ಭಕ್ತಿಯಿಂದ ಕೈಮುಗಿದು, ಒಂದು ಮಾರು ಆಚೆ ಸರಿದು, ಅಲ್ಲಿ ಉಯ್ಯಲು ಶುರುಮಾಡಿದರು. ಆಮೇಲೆ ಅವಳು ದೇವರನ್ನು ನಂಬಿಕೊಳ್ಳುವುದು ಬಿಟ್ಟು ಬಕೆಟ್ಟನ್ನು ನಂಬಿಕೊಂಡಳು. ಒಮ್ಮೆ ಇಸ್ತ್ರಿ ಪ್ಯಾಂಟು ಹಾಕಿದ್ದ ದೊಡ್ಡ ಮನುಷ್ಯನೊಬ್ಬನ ಮೇಲೆ ಪೂರ್ತಿ ಬಕೆಟ್ಟು ಮಗುಚಿದಳು. ನಾನು ಯಾರೆಂದು ಗೊತ್ತಾ ನಿನಗೆ ಅಂತ ಅವನು ಹಾರಾಡಿದ. ಗೊತ್ತಿಲ್ಲ, ಮುಂದಿನಿಂದ ನೋಡಿದ್ದರೆ ಗುರುತು ಸಿಗುತ್ತಿತ್ತೇನೋ, ನೀನು ಬೆನ್ನು ತೋರಿಸಿಕೊಂಡು ನಿಂತಿದ್ದೆ ಅಂದಳು. ಸುತ್ತ ನಿಂತಿದ್ದವರು ನಕ್ಕರು. ಅವಳು ನಗಲಿಲ್ಲ. ಅವಳಿಗೆ ಅದು ತಮಾಷೆಯ ವಿಷಯವೇ ಆಗಿರಲಿಲ್ಲ. ಥೂ ಎಂದು ಉಗಿದು ಒಳಗೆ ಹೋದಳು.

ಥೂ ಅವಳ ಊರುಗೋಲಿದ್ದ ಹಾಗೆ. ಹೋಟೆಲ್ಲಿನ ಲೋಟ ಕಂಡರೆ ಥೂ. ಬಸ್ಸಿನ ಕಂಬಿ ಕಂಡರೆ ಥೂ. ನೊಣ ಕೂತ ಮೈಸೂರುಪಾಕು ತಿನ್ನುವವರನ್ನು ಕಂಡರೆ ಮುಖ ತಿರುಗಿಸಿಕೊಂಡು ಥೂ. ನಮ್ಮ ಅಜ್ಜಿಯೊಬ್ಬಳನ್ನು ಬಿಟ್ಟರೆ ಲೋಕದಲ್ಲಿ ಅವಳಿಗೆ ಹೇಸಿಗೆಯಾಗದ ವಸ್ತುವೇ ಇರಲಿಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದಳು. ದಿನಾ ಸಂಜೆ ಅಜ್ಜಿ ಆ ಅಂಗಡಿಯ ಬೆಂಚಿನ ಮೂಲೆಗೆ ಹೋಗಿ ಕೂರುತ್ತಿದ್ದಳು. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಊರಿನವರನ್ನೆಲ್ಲ ಹಂಚಿಕೊಂಡು ಬೈಯುತ್ತಿದ್ದರು. ದೊಡ್ಡವ್ವ ತನ್ನ ಲೋಟದಲ್ಲಿ ನೀರು ಕೊಟ್ಟದ್ದು ನಮ್ಮ ಅಜ್ಜಿಗೆ ಮಾತ್ರ.

ಈ ನೀರಿನ ವಿಷಯ ಹೇಳಬೇಕು. ನಮ್ಮ ಕಡೆ ಹೆಂಗಸರಿಗೆ ಒಂದು ಪದ್ಧತಿ ಇತ್ತು. ಇತ್ತು ಅಂತ ಯಾಕೆ ಹೇಳಲಿ, ಈಗಲೂ ಇದೆ. ಎಲ್ಲಿಗಾದರೂ ಹೊರಡಬೇಕಾದರೆ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವುದು. ಮದುವೆಗಾಗಲಿ, ಮಳವಳ್ಳಿಯ ನೆಂಟರ ಮನೆಗಾಗಲಿ, ಆಸ್ಪತ್ರೆಗಾಗಲಿ, ಬಾಯಿ ಒಣಗಿಸಿಕೊಂಡೇ ಹೋಗುವುದು. ಯಾರೂ ಇದನ್ನು ಕೂರಿಸಿ ಹೇಳಿಕೊಡುವುದಿಲ್ಲ. ಸೀರೆ ನೆರಿಗೆ ಹಿಡಿಯುವುದನ್ನು ಕಲಿತ ಹಾಗೆ ನೋಡಿ ಕಲಿಯುತ್ತೇವೆ. ಆತಗೂರಿನ ಕಡೆ ನಮ್ಮ ಗದ್ದೆಯಲ್ಲಿದ್ದಾಗ ಅಜ್ಜಿಗೆ ಈ ತೊಂದರೆ ಇರಲಿಲ್ಲ. ಕಬ್ಬು ಆಳೆತ್ತರ ಬೆಳೆದಿರುತ್ತಿತ್ತು, ಒಳಗೆ ಹೋದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಡಾಂಬರು ರಸ್ತೆಗೆ ಬಂದರೆ ಮುಗಿಯಿತು. ಗಂಡಸರಿಗೆ ಗೋಡೆ ಇದೆ, ಮರ ಇದೆ, ಕಂಬ ಇದೆ, ಏನೂ ಇಲ್ಲದಿದ್ದರೆ ನಾಚಿಕೆಗೇಡಿತನವಾದರೂ ಇದೆ. ಹೆಂಗಸಿಗೆ ಒಣಗಿದ ಗಂಟಲು ಮಾತ್ರ.

ಹೀಗೆ ಹೋಗಿ ಬಂದ ಮೇಲೆ ಪ್ರತಿ ಸಲವೂ ಅಜ್ಜಿ ಉರಿಮೂತ್ರದಿಂದ ಹಾಸಿಗೆ ಹಿಡಿಯುತ್ತಿದ್ದಳು. ಕಾಮಕಸ್ತೂರಿ ಬೀಜ ನೆನೆಸಿದ ನೀರು, ಬಾರ್ಲಿ ಗಂಜಿ, ಮಜ್ಜಿಗೆ. ಡಾಕ್ಟರು ಬೈದು ಕಳಿಸುತ್ತಿದ್ದರು. ಹೀಗೇ ಮಾಡಿದರೆ ಕಿಡ್ನಿ ಹೋಗುತ್ತದೆ ಅಂತ ಒಮ್ಮೆ ಬಿಡಿಸಿಯೇ ಹೇಳಿದರು. ಅಜ್ಜಿ ತಲೆ ಆಡಿಸಿ ಬಂದು ಮುಂದಿನ ಮದುವೆಗೆ ಮತ್ತೆ ಬಾಯಿ ಒಣಗಿಸಿಕೊಂಡು ಹೊರಟಳು. ದೊಡ್ಡವ್ವನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ನಾನು ನನ್ನ ಮಗಳ ವಯಸ್ಸಿನಲ್ಲಿದ್ದಾಗ ಬೆಂಗಳೂರು ನೋಡಬೇಕೆಂದು ಹಟ ಹಿಡಿದೆ. ತಾತ ಹುಡುಗನಾಗಿದ್ದಾಗ ಯಾರೊಂದಿಗೋ ಬೆಂಗಳೂರಿಗೆ ಹೋಗಿ ಬಂದಿದ್ದವನು, ಅದನ್ನೇ ಆಯುಷ್ಯವೆಲ್ಲ ಹೇಳಿಕೊಂಡು ಬಂದಿದ್ದ. ಅಲ್ಲಿಯ ಕಟ್ಟಡದ ಕಂಬವನ್ನು ನಾಲ್ಕು ಜನ ತಬ್ಬಿದರೂ ಸಾಲುವುದಿಲ್ಲ ಎನ್ನುತ್ತಿದ್ದ. ಅಜ್ಜಿಗೆ ಅದು ನಿಜವೋ ಬೊಗಳೆಯೋ ಒಮ್ಮೆ ನೋಡಿ ಸಾಯಬೇಕು ಅಂತ ಆಸೆ. ಹೀಗಾಗಿ ತಾತ, ಅಜ್ಜಿ, ನಾನು, ಕರೆದುಕೊಂಡು ಹೋಗಲು ಅಪ್ಪ ಅಂತ ಆಯಿತು. ಹೊರಡುವ ಹೊತ್ತಿಗೆ ಸರಿಯಾಗಿ ಸಕ್ಕರೆ ಫ್ಯಾಕ್ಟರಿಯಿಂದ ಕಬ್ಬು ಕಡಿಯಲು ಪರ್ಮಿಟ್ ಬಂತು. ಪರ್ಮಿಟ್ ಬಿಟ್ಟು ಬೆಂಗಳೂರು ನೋಡುವ ರೈತ ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ಅಪ್ಪ ಗದ್ದೆಗೆ ಹೊರಟ, ಅಮ್ಮ ಕಡಿಯುವ ಆಳುಗಳಿಗೆ ಮುದ್ದೆ ತೊಳಸಲು ನಿಂತಳು, ನಾನು ಮೂಲೆ ಸೇರಿ ಅಳುತ್ತಾ ಕೂತೆ.

ಅಳುವ ಸದ್ದು ಅಂಗಡಿಗೆ ಕೇಳಿತು. ದೊಡ್ಡವ್ವ ಬಂದು, ನಾನು ಕರೆದುಕೊಂಡು ಹೋಗುತ್ತೇನೆ, ನನಗೆ ಬೆಂಗಳೂರು ಗೊತ್ತು ಅಂದಳು. ಅಂಗಡಿ ಮುಚ್ಚಿದ್ದನ್ನು ಯಾರೂ ಕಾಣದಿದ್ದ ಹೆಂಗಸು ನಮಗಾಗಿ ಒಂದು ದಿನ ಹಲಗೆ ಹಾಕಲು ಒಪ್ಪಿದಳು.

ಆ ಸಂಜೆ ಬೆಂಚಿನ ಮೇಲೆ ನಮ್ಮ ಪ್ರವಾಸದ ಯೋಜನೆ ನಡೆಯಿತು. ನಾನು ಒಂದೊಂದು ಜಾಗದ ಹೆಸರು ಹೇಳುತ್ತಿದ್ದೆ, ದೊಡ್ಡವ್ವ ಒಂದೊಂದನ್ನೂ ತಳ್ಳಿಹಾಕುತ್ತಿದ್ದಳು. ಆ ಕಡೆ ಬೇಡ, ಹೆಂಗಸರು ಕಾಲಿಡುವ ಹಾಗಿಲ್ಲ. ಈ ಕಡೆ ಬೇಡ, ಬಾಗಿಲಿಗೆ ಚಿಲಕ ಇಲ್ಲ. ಅದು ಬೇಡವೇ ಬೇಡ, ಹುಳ. ನಾನು ಕೇಳುತ್ತಿದ್ದದ್ದು ನೋಡುವ ಜಾಗಗಳನ್ನು, ಅವಳು ಹೇಳುತ್ತಿದ್ದದ್ದು ಕಕ್ಕಸುಗಳನ್ನು. ತಾತ ಎದ್ದು ಹೋದ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕೊನೆಗೆ ದೊಡ್ಡವ್ವ ಒಂದೇ ಒಂದು ಜಾಗಕ್ಕೆ ಒಪ್ಪಿಗೆ ಕೊಟ್ಟಳು. ಒಂದು ದೊಡ್ಡ ತೋಟ, ಅದರ ಹಿಂದಿನ ಗೇಟಿನ ಹತ್ತಿರ ಹೆಂಗಸರದ್ದೇ ಒಂದು ಕಕ್ಕಸು. ಬಿಳಿ ಬಿಲ್ಲೆ ಹಾಕಿದ ಗೋಡೆ, ನಲ್ಲಿ ತುಂಬ ನೀರು, ಗಟ್ಟಿ ಬಾಗಿಲು. ನೋಡಿಕೊಳ್ಳುವ ಮುದುಕಿ ದಿನವೆಲ್ಲ ತೊಳೆಯುತ್ತಲೇ ಇರುತ್ತಾಳೆ. ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೊಕ್ಕಟ ಅಂದಳು. ದೊಡ್ಡವ್ವನ ಬಾಯಲ್ಲಿ ಒಂದು ಹೊಗಳಿಕೆ ಬಂದದ್ದನ್ನು ನಾನು ಕೇಳಿದ್ದು ಆವತ್ತೇ.

ಅವಳಿಗೆ ಅದು ಹೇಗೆ ಗೊತ್ತು ಎನ್ನುವುದನ್ನು ಅಜ್ಜಿ ಆಮೇಲೆ ನನಗೆ ಹೇಳಿದಳು. ದೊಡ್ಡವ್ವನ ಗಂಡ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ಅಲ್ಲಿಯ ವರಾಂಡದಲ್ಲೇ ಇದ್ದಳಂತೆ. ಆಸ್ಪತ್ರೆಯ ಕಕ್ಕಸು ಸೇರದೆ ದಿನಾ ಆ ತೋಟದವರೆಗೆ ನಡೆದುಕೊಂಡು ಹೋಗಿ ಬರುತ್ತಿದ್ದಳಂತೆ. ಗಂಡ ಹೋದ ದಿನವೂ ಅಲ್ಲಿಗೇ ಹೋದಳಂತೆ. ಇಡೀ ಬೆಂಗಳೂರಿನಲ್ಲಿ ಚಿಲಕ ಹಾಕಿಕೊಂಡು ಅಳುವುದಕ್ಕೆ ಅವಳಿಗೆ ಸಿಕ್ಕ ಬಾಗಿಲು ಅದೊಂದೇ. ಮುದುಕಿ ಹೊರಗೆ ನಿಂತು ಯಾರನ್ನೂ ಬಿಡದೆ ಕಾವಲು ಕಾದಳಂತೆ...

ಹೊರಡುವ ದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಒಣ ತುಟಿ ಮಾಡಿಕೊಂಡು ಬಂದಳು. ದೊಡ್ಡವ್ವ ಒಂದು ಚೊಂಬು ನೀರು ಹಿಡಿದು ದಾರಿಗೆ ಅಡ್ಡ ನಿಂತಳು. ಅಜ್ಜಿ ದಾಹ ಇಲ್ಲ ಅಂದಳು.

"ದಾಹ ಇಲ್ಲ ಅಂತ ನನ್ತಾವ ಏಳ್ಬ್ಯಾಡ. ಕುಡಿ. ಅಲ್ಲಿ ಜಾಗ ಅದೆ, ಬಾಗ್ಲು ಅದೆ, ನಾನಿವ್ನಿ" ಅಂದಳು ದೊಡ್ಡವ್ವ.

ಅಜ್ಜಿ ಅವಳ ಮುಖ ನೋಡಿದಳು. ಆಮೇಲೆ ಚೊಂಬು ಎತ್ತಿ ಗಟಗಟ ಕುಡಿದಳು. ಪ್ರಯಾಣದ ದಿನ ಅಜ್ಜಿ ನೀರು ಕುಡಿದದ್ದನ್ನು ತಾತನೂ ಅದೇ ಮೊದಲು ನೋಡಿದನೋ ಏನೋ, ಆಶ್ಚರ್ಯದಿಂದ ನಿಂತುಬಿಟ್ಟಿದ್ದ. ಬಸ್ಸಿನಲ್ಲಿ ಚನ್ನಪಟ್ಟಣ ದಾಟುವಾಗ ದೊಡ್ಡವ್ವ ಸೀಸೆಯಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟಳು, ರಾಮನಗರದಲ್ಲಿ ಇನ್ನೊಂದು ಲೋಟ. ಅಜ್ಜಿ ಎಲ್ಲವನ್ನೂ ಕುಡಿದಳು. ಕಿಟಕಿಯ ಪಕ್ಕ ಕೂತು, ಬಂಡೆ ಬೆಟ್ಟಗಳನ್ನು ನೋಡುತ್ತಾ, ಬಾಯಿ ತುಂಬ ಮಾತಾಡುತ್ತಾ ಬಂದಳು. ಒಣಗಿದ ಬಾಯಲ್ಲಿ ಮಾತು ಹುಟ್ಟುವುದಿಲ್ಲ ಎನ್ನುವುದು ನನಗೆ ಆಗ ಗೊತ್ತಾಯಿತು. ಅಲ್ಲಿಯವರೆಗೂ ನಮ್ಮ ಅಜ್ಜಿ ಪ್ರಯಾಣದಲ್ಲಿ ಮೌನದ ಹೆಂಗಸು ಅಂತಲೇ ಅಂದುಕೊಂಡಿದ್ದೆ.

ಬೆಂಗಳೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ತಾತ ಹೇಳುತ್ತಿದ್ದ ಕಂಬಗಳನ್ನು ಹೊರಗಿನಿಂದ ನೋಡಿದೆವು. ಅಜ್ಜಿ ಅಳತೆ ಹಾಕುವವಳ ಹಾಗೆ ದಿಟ್ಟಿಸಿ, ಪರವಾಗಿಲ್ಲ, ಅರ್ಧ ನಿಜ ಹೇಳಿದ್ದಾರೆ ಅಂದಳು. ತಾತ ಖುಷಿಯಿಂದ ಮೀಸೆ ಸವರಿಕೊಂಡ. ಆವತ್ತು ಆ ಪ್ರವಾಸ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಅಲ್ಲಿಂದ ಹೊರಡುವಾಗ ಅಜ್ಜಿ ಮಾತು ಕಡಿಮೆ ಮಾಡಿದಳು. ದೊಡ್ಡವ್ವನಿಗೆ ಅರ್ಥವಾಯಿತು. ಬನ್ನಿ ಬನ್ನಿ ಎಂದು ನಮ್ಮನ್ನು ದಬಾಯಿಸಿಕೊಂಡು ತೋಟದ ಹಿಂದಿನ ಗೇಟಿಗೆ ಕರೆದುಕೊಂಡು ಹೋದಳು. ಬಿಸಿಲು. ದೂರ. ಅಜ್ಜಿ ಕೊನೆಕೊನೆಗೆ ನನ್ನ ತೋಳು ಹಿಡಿದು ಪುಟ್ಟಪುಟ್ಟ ಹೆಜ್ಜೆ ಇಡುತ್ತಿದ್ದಳು. ಗೇಟು ಬಂತು. ಬಿಳಿ ಬಿಲ್ಲೆಯ ಗೋಡೆಯೂ ಕಂಡಿತು. ಬಾಗಿಲಿಗೆ ತುಕ್ಕು ಹಿಡಿದ ದೊಡ್ಡ ಬೀಗ. ಬಿಲ್ಲೆಗಳು ಒಡೆದಿದ್ದವು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಮುರಿದ ಬೆಂಚು, ಗೊಬ್ಬರದ ಚೀಲ, ಪೊರಕೆಗಳ ರಾಶಿ. ಮುದುಕಿ ಎಲ್ಲಿ ಅಂತ ದೊಡ್ಡವ್ವ ಕಾವಲಿನವನನ್ನು ಕೇಳಿದಳು. ಯಾವ ಮುದುಕಿ ಅಂತ ಅವನು ಕೇಳಿದ. ದೊಡ್ಡವ್ವ ಬೀಗವನ್ನು ಹಿಡಿದು ಜಗ್ಗಿದಳು. ಗಂಡ ಸತ್ತಾಗ ಕಂಡ ಬಾಗಿಲು ಹಾಗೇ ಇರುತ್ತದೆ ಅಂತ ಇಷ್ಟು ವರ್ಷ ನಂಬಿಕೊಂಡಿದ್ದಳು ಪಾಪ.

ಆಮೇಲಿನದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎದುರಿಗಿದ್ದ ಒಂದು ಹೋಟೆಲ್ಲಿಗೆ ಹೋದೆವು. ಏನಾದರೂ ತಗೊಂಡರೆ ಮಾತ್ರ ಒಳಗೆ ಬಿಡುವುದು ಎಂದರು. ಕಾಫಿ ಹೇಳಿ, ಕುಡಿಯದೆ, ಅಜ್ಜಿಯನ್ನು ಹಿಂದಕ್ಕೆ ಕರೆದುಕೊಂಡು ಹೋದೆ. ಬಾಗಿಲು ತಳ್ಳಿದೆ. ನೆಲ ಕಾಣುತ್ತಿರಲಿಲ್ಲ. ಕಪ್ಪು ನೀರು ಪಾದ ಮುಳುಗುವಷ್ಟು ನಿಂತಿತ್ತು, ಅದರ ಮೇಲೆ ಏನೇನೋ ತೇಲುತ್ತಿತ್ತು. ಗೋಡೆಯ ಮೇಲೆ ಎಲೆ ಅಡಿಕೆ ಉಗುಳು, ಅದರ ಮೇಲೆ ಬೆರಳಿನಲ್ಲಿ ಬರೆದ ಹೊಲಸು ಚಿತ್ರ. ಹಿಡಿಯಲು ಚಿಲಕವಿಲ್ಲ, ಚಿಲಕದ ಜಾಗದಲ್ಲಿ ತೂತು, ಆ ತೂತಿನ ಆಚೆ ಪಾತ್ರೆ ತೊಳೆಯುವ ಗಂಡಸರು. ನನಗೆ ಅಲ್ಲೇ ವಾಂತಿಯಾಯಿತು. ಅಜ್ಜಿ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಒಂದು ಹೆಜ್ಜೆ ಇಟ್ಟಳು, ಹಿಂದಕ್ಕೆ ತೆಗೆದಳು. ಇನ್ನೊಂದು ಸಲ ಇಟ್ಟಳು, ತೆಗೆದಳು. ಆಗಲ್ಲ ಎಂದು ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರು.

ಹೊರಗೆ ಬಂದರೆ ರಸ್ತೆಯ ಉದ್ದಕ್ಕೂ ತೋಟದ ಕಾಂಪೌಂಡು ಗೋಡೆ. ಅದರ ಮುಂದೆ ಸಾಲಾಗಿ ಗಂಡಸರು. ಒಬ್ಬ ಬೀಡಿ ಸೇದುತ್ತಾ, ಒಬ್ಬ ಪಕ್ಕದವನ ಜೊತೆ ಮಾತಾಡುತ್ತಾ, ಒಬ್ಬ ಆಕಾಶ ನೋಡುತ್ತಾ. ಎಂಥ ನಿರಾಳ! ಅಜ್ಜಿ ನನ್ನ ತೋಳಿಗೆ ಉಗುರು ಊರಿ ನಿಂತುಬಿಟ್ಟಳು. ಇನ್ನೊಂದು ಹೆಜ್ಜೆ ಇಟ್ಟರೆ ನಡುರಸ್ತೆಯಲ್ಲೇ ಮಾನ ಹೋಗುತ್ತದೆ ಅಂತ ನಮಗೆಲ್ಲ ಗೊತ್ತಾಯಿತು.

ದೊಡ್ಡವ್ವ ಸುತ್ತ ನೋಡಿದಳು. ತಾತನ ಹೆಗಲ ಮೇಲಿನ ಟವೆಲ್ ನೋಡಿದಳು, ಅದು ಸಾಲದು. ಆಮೇಲೆ ತಾತನ ಪಂಚೆ ನೋಡಿದಳು. ಬೆಂಗಳೂರಿಗೆಂದು ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿದ್ದ ಬಿಳಿ ಪಂಚೆ.

"ಪಂಚೆ ಬಿಚ್ಚಣ್ಣ" ಅಂದಳು.

ತಾತ ಏನಂದೆ ಅಂತ ಕೇಳಿದ. ಅವನು ಊರಲ್ಲಿ ನ್ಯಾಯ ಹೇಳುತ್ತಿದ್ದ ಮನುಷ್ಯ. ಅವನ ಎದುರು ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಬಿಚ್ಚು ಅಂದೆ. ನಿನ್ನೆಂಡ್ತಿ ಮಾನ ದೊಡ್ಡದಾ, ನಿನ್ ಮೊಣಕಾಲು ದೊಡ್ಡದಾ?"

ತಾತ ಅಜ್ಜಿಯ ಮುಖ ನೋಡಿದ. ಸೊಂಟದ ಗಂಟು ಬಿಚ್ಚಿ ಪಂಚೆಯನ್ನು ದೊಡ್ಡವ್ವನ ಕೈಗೆ ಕೊಟ್ಟ. ಒಳಗೆ ಅವನ ಪಟ್ಟಾಪಟ್ಟಿ ಚಡ್ಡಿ. ಮೇಲೆ ಬಿಳಿ ಶರಟು, ಹೆಗಲಲ್ಲಿ ಟವೆಲ್, ಕೆಳಗೆ ಪಟ್ಟಾಪಟ್ಟಿ ಚಡ್ಡಿ, ಒಣಕಲು ಕಾಲು. ಹಾಗೆ ಬೆಂಗಳೂರಿನ ರಸ್ತೆಯಲ್ಲಿ ನಮಗೆ ಬೆನ್ನು ಮಾಡಿ ಕಾವಲು ನಿಂತುಬಿಟ್ಟ.

ದೊಡ್ಡವ್ವ ಗೋಡೆಯ ಮುಂದಿದ್ದವರ ಮೇಲೆ ಹೋದಳು. ಮದ್ದೂರಿನ ಬಕೆಟ್ಟು ಕೈಯಲ್ಲಿ ಇರಲಿಲ್ಲ, ಬಾಯಿ ಇತ್ತು. ಇಬ್ಬರು ಅರ್ಧಕ್ಕೇ ನಿಲ್ಲಿಸಿಕೊಂಡು ಓಡಿದರು. ಅವರು ಬಿಟ್ಟು ಹೋದ ಆ ಒದ್ದೆ ಜಾಗದಲ್ಲಿ, ಆ ನಾತದಲ್ಲಿ, ನಮ್ಮ ಅಜ್ಜಿಯನ್ನು ಕೂರಿಸಿ ಪಂಚೆಯ ಒಂದು ತುದಿ ದೊಡ್ಡವ್ವ, ಒಂದು ತುದಿ ನಾನು ಹಿಡಿದುಕೊಂಡೆವು. ಗಾಳಿಗೆ ಪಂಚೆ ಎದ್ದೇಳುತ್ತಿತ್ತು. ನಾನು ಕೆಳ ಅಂಚನ್ನು ಕಾಲಲ್ಲಿ ತುಳಿದುಕೊಂಡೆ. ಸಿಗ್ನಲ್ಲಿಗೆ ನಿಂತಿದ್ದ ಬಸ್ಸಿನ ಕಿಟಕಿಗಳಿಂದ ಜನ ಬಗ್ಗಿ ನೋಡಿದರು. ಮೇಲಿನಿಂದ ಎಲ್ಲ ಕಾಣುತ್ತದೆ ಅನ್ನುವುದು ನನಗೂ ದೊಡ್ಡವ್ವನಿಗೂ ಒಟ್ಟಿಗೆ ಹೊಳೆಯಿತು. ಯಾವನೋ ಸಿಳ್ಳೆ ಹಾಕಿದ. ಗೋಡೆಯ ಮುಂದೆ ಇನ್ನೂ ನಿಂತಿದ್ದ ಗಂಡಸರು, ಅದೇ ಕೆಲಸ ಮಾಡುತ್ತಿದ್ದವರು, ನಮ್ಮನ್ನು ನೋಡಿ ನಾಚಿಕೆ ಇಲ್ಲದವರು ಅಂತ ನಕ್ಕರು. ದೊಡ್ಡವ್ವ ಅವರಿಗೆ ಕೊಟ್ಟ ಬೈಗುಳಗಳನ್ನು ಅಚ್ಚು ಹಾಕುವ ಹಾಗಿಲ್ಲ. ಬೈಯುವಾಗಲೂ ಪಂಚೆಯನ್ನು ಒಂದು ಬೆರಳಷ್ಟೂ ಕೆಳಗಿಳಿಸಲಿಲ್ಲ.

ಮುಗಿದ ಮೇಲೆ ತಾತ ಅದೇ ಪಂಚೆಯನ್ನು ಉಟ್ಟುಕೊಂಡ. ಅಂಚು ಒದ್ದೆಯಾಗಿತ್ತು, ಮಣ್ಣಾಗಿತ್ತು. ಒದರಲೂ ಇಲ್ಲ. ನಾವು ಇನ್ನೇನೂ ನೋಡಲಿಲ್ಲ. ಬುತ್ತಿ ಬಿಚ್ಚದೆ ವಾಪಸ್ ಬಸ್ಸು ಹತ್ತಿದೆವು. ಅಜ್ಜಿ ಕಿಟಕಿಯ ಪಕ್ಕ ಕೂರಲಿಲ್ಲ. ದೊಡ್ಡವ್ವ ಒಂದು ಸಲ ನೀರಿನ ಸೀಸೆ ಮುಂದೆ ಚಾಚಿದಳು, ಅಜ್ಜಿ ಮುಖ ಆಚೆ ತಿರುಗಿಸಿದಳು. ಮನೆಗೆ ಬಂದ ಮೇಲೆ ತಾತ ಹಿತ್ತಲಿಗೆ ಹೋಗಿ ಆ ಪಂಚೆಯನ್ನು ತಾನೇ ಒಗೆದು ಹರವಿದ. ತಾತ ಬಟ್ಟೆ ಒಗೆದದ್ದನ್ನು ನಾನು ಮತ್ತೆ ಯಾವತ್ತೂ ಕಾಣಲಿಲ್ಲ.

ಅಜ್ಜಿ ಅಂಗಡಿಯ ಬೆಂಚಿಗೆ ಹೋಗುವುದು ನಿಂತಿತು. ದೊಡ್ಡವ್ವ ಆ ವಿಷಯವನ್ನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಊರಿನ ಸುದ್ದಿಯೆಲ್ಲ ಹಂಚುತ್ತಿದ್ದ ಹೆಂಗಸು ಇದೊಂದನ್ನು ನುಂಗಿಕೊಂಡಳು. ಆದರೂ ಅಜ್ಜಿ ಅವಳೊಂದಿಗೆ ಮಾತಾಡಲಿಲ್ಲ. ಪಾಪ ಅವಳದ್ದೇನು ತಪ್ಪು ಅಂತ ನಾನು ಒಮ್ಮೆ ಕೇಳಿಯೇ ಬಿಟ್ಟೆ.

"ತಪ್ಪು ಅಂದ್ನಾ? ಅವಳ ಮಕ ಕಂಡೇಟ್ಗೆ ಆ ನಗಾಡ್ದೋರ ಮಕ ಗ್ಯಾಪ್ನಕ್ಕೆ ಬತ್ತದೆ ಕಣವ್ವ" ಅಂದಳು ಅಜ್ಜಿ.

ನಾನು ಎಲೆ ತರಲು ಅಂಗಡಿಗೆ ಹೋದಾಗಲೆಲ್ಲ ದೊಡ್ಡವ್ವ ಒಂದೇ ಪ್ರಶ್ನೆ ಕೇಳುತ್ತಿದ್ದಳು, ನೀರು ಕುಡಿಯುತ್ತಾಳಾ ಅಂತ. ನಾನು ಹೂಂ ಎನ್ನುತ್ತಿದ್ದೆ. ಮನೆಯಲ್ಲಿದ್ದಾಗ ಕುಡಿಯುತ್ತಿದ್ದಳು, ಅದು ನಿಜ. ಹೊರಗೆ ಹೊರಟರೆ ಮೊದಲು ಹಿಂದಿನ ಸಂಜೆಯಿಂದ ಬಿಡುತ್ತಿದ್ದವಳು ಈಗ ಹಿಂದಿನ ಬೆಳಿಗ್ಗೆಯಿಂದಲೇ ಬಿಡುತ್ತಿದ್ದಳು. ಬೆಂಚಿನಲ್ಲಿ ಅಜ್ಜಿ ಕೂರುತ್ತಿದ್ದ ಮೂಲೆಯಲ್ಲಿ ಬೇರೆ ಯಾರಾದರೂ ಕೂತರೆ ದೊಡ್ಡವ್ವ ಆ ಕಡೆ ಸರ್ಕೋ ಎಂದು ಗದರಿಸುತ್ತಿದ್ದಳು...

ಮುಂದೆ ಒಂದು ಬೇಸಿಗೆಯಲ್ಲಿ ಮಳವಳ್ಳಿಯ ಮದುವೆಗೆ ಹೋಗಿ ಬಂದ ಅಜ್ಜಿ ಚಳಿಜ್ವರದಿಂದ ಮಲಗಿದಳು. ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಹಿಂದೆ ಬಿಡಿಸಿ ಹೇಳಿದ್ದೇ ಆಗಿತ್ತು, ಎರಡೂ ಕಿಡ್ನಿ ಕೆಟ್ಟಿದ್ದವು. ಮನೆಗೆ ಕರೆದುಕೊಂಡು ಹೋಗಿ ಎಂದರು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದೆವು. ಹೋಗುವ ಜೀವಕ್ಕೆ ಮನೆಯವರು ಬಾಯಿಗೆ ನೀರು ಬಿಡಬೇಕಲ್ಲ, ಒಬ್ಬೊಬ್ಬರಾಗಿ ತುಳಸಿ ನೀರು ಬಿಡುತ್ತಿದ್ದರು. ತಾತ ಬಿಟ್ಟ, ಅಪ್ಪ ಬಿಟ್ಟ, ನಾನು ಬಿಟ್ಟೆ. ನೀರು ಕಟಬಾಯಿಯಿಂದ ಹೊರಗೆ ಹರಿದು ದಿಂಬು ನೆನೆಯುತ್ತಿತ್ತು.

ಆಗ ಬಾಗಿಲಲ್ಲಿ ಫಿನಾಯಿಲ್ ವಾಸನೆ ಬಂತು. ದೊಡ್ಡವ್ವ ಒಳಗೆ ಬಂದಳು. ಗೋಡೆ ತೊಳೆಯುತ್ತಿದ್ದವಳು ಸುದ್ದಿ ಕೇಳಿ ಹಾಗೇ ಬಂದಿದ್ದಳು, ಸೀರೆಯ ಅಂಚು ಒದ್ದೆ. ಯಾರನ್ನೂ ನೋಡದೆ ಅಜ್ಜಿಯ ತಲೆಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ನೀರು ತುಂಬಿಕೊಂಡು ಅಜ್ಜಿಯ ತುಟಿಗೆ ಹಿಡಿದಳು.

"ಕುಡಿ ನನ್ನವ್ವ. ಇನ್ನು ನಿನ್ನ ಯಾರೂ ನೋಡಾಕಿಲ್ಲ" ಅಂದಳು.

ಅಜ್ಜಿಯ ಗಂಟಲು ಒಂದು ಸಲ ಅಲುಗಾಡಿತು. ಕುಡಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು... ಆ ಸಲದ ನೀರು ಮಾತ್ರ ಹೊರಗೆ ಹರಿಯಲಿಲ್ಲ.

ಜೀವ ಹೋದ ಮೇಲೆ ದೊಡ್ಡವ್ವ ಎದ್ದು ಅಂಗಳಕ್ಕೆ ಹೋದಳು. ಸಾವಿಗೆ ಬಂದಿದ್ದ ಗಂಡಸರು ನಮ್ಮ ಹಿತ್ತಲ ಗೋಡೆಯ ಪಕ್ಕ ಒಬ್ಬೊಬ್ಬರಾಗಿ ಹೋಗಿ ಬರುತ್ತಿದ್ದರು. ಅವರನ್ನು ನೋಡುತ್ತಾ ನಿಂತಳು. ಥೂ ಎಂದು ಉಗಿದಳು. ಬೈಯಲಿಲ್ಲ, ಬಕೆಟ್ಟು ಕೇಳಲಿಲ್ಲ, ಉಗಿದು ಹೊರಟುಹೋದಳು.

ರಸ್ತೆ ಅಗಲ ಮಾಡಿದಾಗ ಆ ಹೆಂಚಿನ ಅಂಗಡಿ ಹೋಯಿತು. ದೊಡ್ಡವ್ವ ಶಿವಪುರದಲ್ಲಿದ್ದ ತಂಗಿಯ ಮನೆ ಸೇರಿದಳು. ನಾನು ಆಗ ಮದುವೆಯಾಗಿ ಮಂಡ್ಯಕ್ಕೆ ಬಂದಿದ್ದೆ, ಅವಳು ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಹೋಗಿ ನೋಡಲು ಏನೂ ಉಳಿದಿರಲಿಲ್ಲ. ಅಂಗಡಿ ಇದ್ದ ಜಾಗದಲ್ಲಿ ಈಗ ರಸ್ತೆಯ ತಡೆಗೋಡೆ ಎದ್ದಿದೆ. ಮದ್ದೂರಿಗೆ ಹೋದಾಗ ನೋಡುತ್ತೇನೆ. ಹೊಸ ಗೋಡೆ, ಹಳೇ ನಾತ. ಬೆನ್ನು ಮಾಡಿ ನಿಂತವರ ಮಕ್ಕಳು ಈಗ ಬೆನ್ನು ಮಾಡಿ ನಿಂತಿದ್ದಾರೆ, ಕೈಯಲ್ಲಿ ಫೋನು ಬಂದಿದೆ, ಅಷ್ಟೇ. ಫಿನಾಯಿಲ್ ಹಾಕುವವರು ಯಾರೂ ಇಲ್ಲ. ಅಲ್ಲಿ ನಿಂತರೆ ನನಗೆ ಅಳು ಬರಬೇಕು, ಬರುವುದು ವಾಕರಿಕೆ.

ಇದಿಷ್ಟನ್ನೂ ಮೊನ್ನೆ ಮಗಳಿಗೆ ಹೇಳಿದೆ. ನಗುತ್ತಾ ಕೇಳಲು ಶುರು ಮಾಡಿದವಳು ಪಟ್ಟಾಪಟ್ಟಿ ಚಡ್ಡಿ ಬರುವ ಹೊತ್ತಿಗೆ ನಗುವುದು ಬಿಟ್ಟಿದ್ದಳು. ಫೋನು ತೆಗೆದುಕೊಂಡು ಮೂಲೆಗೆ ಹೋಗಿ ಕೂತು ಮತ್ತೆ ಮೊದಲಿನಿಂದ ಹುಡುಕತೊಡಗಿದಳು. ಈ ಸಲ ಹುಡುಕುತ್ತಿದ್ದದ್ದು ನೋಡುವ ಜಾಗಗಳನ್ನಲ್ಲ. ಅರ್ಧಗಂಟೆ ಆದ ಮೇಲೆ, ಇದೆ ಅಂತ ತೋರಿಸ್ತಿದೆ ಮಮ್ಮಿ, ಆದ್ರೆ ತೆಗೆದಿರುತ್ತೋ ಇಲ್ವೋ ಹೇಳ್ತಿಲ್ಲ ಅಂದಳು.

ನಾಳೆ ಬೆಳಿಗ್ಗೆ ಅವರ ರೈಲು. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆಯ ತಟ್ಟೆಯ ಪಕ್ಕದ ಲೋಟ ತುಂಬಿದ ಹಾಗೇ ಇತ್ತು. ಸಂಜೆ ಕಾಫಿ ಬೇಡ ಎಂದರು. ಲೋಟವನ್ನು ತಂದು ಅವರ ಕೈಗೇ ಕೊಟ್ಟೆ. ದಾಹ ಇಲ್ಲ ಬಿಡವ್ವ ಎಂದರು. ನಮ್ಮ ಅಜ್ಜಿ ಹೇಳಿದ್ದೂ ಇದೇ, ದನಿಯೂ ಇದೇ. ಕುಡಿಯಲೇಬೇಕು ಎಂದು ನಾನು ಅವರ ಮುಂದೆ ಅಡ್ಡ ಕೂತೆ. ಅತ್ತೆ ಲೋಟವನ್ನು ಪಕ್ಕಕ್ಕಿಟ್ಟು, ಮಾವನಿಗೆ ಕೇಳಿಸದ ಹಾಗೆ ಕೇಳಿದರು.

"ಅಲ್ಲಿ ಬಾಗ್ಲು ಇರ್ತದೇನವ್ವ?"

ದೊಡ್ಡವ್ವ ಇದ್ದಿದ್ದರೆ, ಅದೆ, ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನುತ್ತಿದ್ದಳು, ಅಷ್ಟು ಧೈರ್ಯವಾಗಿ. ಆಮೇಲೆ ಬಾಗಿಲಿಗೆ ಬೀಗ ಬಿದ್ದಿದ್ದರೆ ತಾನೇ ಬಾಗಿಲಾಗಿ ನಿಲ್ಲುತ್ತಿದ್ದಳು. ಅಂಥ ಹೆಂಗಸು ಈಗ ಇಲ್ಲ, ಇಡೀ ಮಂಡ್ಯ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದಿಲ್ಲ ಅಂತ ಆವಾಗ ನಿಜವಾಗಿ ಗೊತ್ತಾಯಿತು.

ಬಾಗಿಲ ಹತ್ತಿರ ಕೂತು ಮಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಮಗಳು ಅವರಿಗೆ ಕತೆ ಹೇಳಿಬಿಟ್ಟಿದ್ದಳೋ ಏನೋ. ಎದ್ದು ಒಳಗೆ ಹೋಗಿ, ತಮ್ಮ ಪೆಟ್ಟಿಗೆಯಿಂದ ಮಡಿಸಿದ ಪಂಚೆಯೊಂದನ್ನು ತಂದು ನಾಳೆಯ ಬ್ಯಾಗಿನಲ್ಲಿ ನೀರಿನ ಬಾಟಲಿಯ ಪಕ್ಕ ಇಟ್ಟರು. ಉಟ್ಟಿರುವುದು ಇರಲಿ, ಇದೊಂದು ಜಾಸ್ತಿಗೆ ಎಂದರು. ಮಗಳು ಅದನ್ನು ತೆಗೆದು, ಬೇಗ ಕೈಗೆ ಸಿಗಲಿ ಎಂದು ಎಲ್ಲಕ್ಕಿಂತ ಮೇಲೆ ಇಟ್ಟಳು.

ಅತ್ತೆ ಲೋಟ ಎತ್ತಿ ನೀರು ಕುಡಿದರು.